ಮೂರು ದಿನದ ಕೂಲಿ, ಒಂದು ದಿನದ ಕೆಲಸ

ಸರಕಾರಿ ಕಾರ್ಖಾನೆಗಳ ಲೆಕ್ಕಪತ್ರಗಳು ಹೊರಬಿದ್ದಾಗಲೆಲ್ಲ ಎರಡು ಬಾಬುಗಳ ಮೇಲೆ ಜನರ ಕಣ್ಣು ಬೀಳುವುದುಂಟು. ಒಂದು, ಓವರ್‌ಟೈಮಿಗೆ ತೆತ್ತ ಹಣ. ಇನ್ನೊಂದು, ಕಾಯಿಲೆಯ ಹೆಸರಿನಲ್ಲಿ ಕಳೆದುಹೋದ ದಿನಗಳು. ಇವೆರಡನ್ನೂ ಕಂಡವರ ಬಾಯಿಂದ ಥಟ್ಟನೆ ಹೊರಡುವ ಮಾತು ‘ಉಂಡೂ ಹೋದ, ಕೊಂಡೂ ಹೋದ’ ಎಂಬುದೇ. ಸೋಮವಾರ ಮೈಯಲ್ಲಿ ನೆಟ್ಟಗಿಲ್ಲವೆಂದು ಮನೆಯಲ್ಲಿ ಮಲಗಿದ ನೌಕರ ಭಾನುವಾರ ಬಂದು ಇಮ್ಮಡಿ ಕೂಲಿಯನ್ನು ಎಣಿಸಿಕೊಂಡನೆಂಬುದು ಆಕ್ಷೇಪದ ಸಾರಾಂಶ. ಕಾರ್ಖಾನೆಯು ದೇಶರಕ್ಷಣೆಗೆ ಸೇರಿದ್ದಾದರೆ ಈ ಆಕ್ಷೇಪಕ್ಕೆ ಇನ್ನಷ್ಟು ಖಾರ ಬರುತ್ತದೆ. ಗಡಿಯಲ್ಲಿ ಸಿಪಾಯಿ ಹಿಮದಲ್ಲಿ ನಿಂತಿರುವಾಗ ಊರಿನಲ್ಲಿ ಕುಳಿತವನು ಗಂಟೆಗೆ ಗಂಟೆ ಲೆಕ್ಕ ಹಾಕುವುದೇ ಎಂಬ ಕೋಪ ಸಹಜವಾದುದೇ. ಆದರೆ ಕೋಪ ಸಹಜವಾದ ಮಾತ್ರಕ್ಕೆ ತೀರ್ಮಾನವೂ ಸರಿಯಾಗಬೇಕೆಂದಿಲ್ಲ. ಈ ಎರಡು ಬಾಬುಗಳನ್ನು ಬೇರೆ ಬೇರೆ ಪುಟಗಳಲ್ಲಿ ಓದಿದಾಗ ಕಾಣುವ ಅರ್ಥವೇ ಬೇರೆ. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಿದಾಗ ಹೊಳೆಯುವ ಅರ್ಥವೇ ಬೇರೆ.

ದೇಶರಕ್ಷಣೆಯ ನೌಕರಿಗೆ ಗಂಟೆಯ ಲೆಕ್ಕ ಬಂದದ್ದು ಈಚೆಗೆ. ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಕೋಟೆಯನ್ನು ಕಂಡವರಿಗೆ ಹಿಂದಿನ ಕ್ರಮವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ನಾಯಕರ ಪಾಳೆಯಪಟ್ಟಾಗಿದ್ದು, 17ನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಗಳ ವಶಕ್ಕೆ ಹೋದ ಊರು ಅದು. ಪಾಳೆಯಗಾರರ ಕಾಲದಲ್ಲಿ ಕೋಟೆ ಕಾಯುವ ಆಳಿಗೆ ತಿಂಗಳ ಸಂಬಳಕ್ಕಿಂತ ಉಂಬಳಿಯ ನೆಲವೇ ಮುಖ್ಯ ಆಧಾರ. ಮುಂದೆ ಮೈಸೂರು ಸಂಸ್ಥಾನದ ಕಂದಾಚಾರದ ಸಿಪಾಯಿಗಳೂ ಇಂಥ ನೆಲವನ್ನು ನೆಚ್ಚಿದ್ದುಂಟು. ದುಡಿಮೆಗೆ ಹೊತ್ತಿನ ಮಿತಿಯಿರಲಿಲ್ಲ. ಆದುದರಿಂದ ಮಿತಿ ಮೀರಿದ ದುಡಿಮೆಯೆಂಬ ಮಾತೂ ಇರಲಿಲ್ಲ. ಇಂದು ದೇಶರಕ್ಷಣೆಯ ಕೆಲಸದ ದೊಡ್ಡ ಪಾಲು ಕೋಟೆಯಿಂದ ಕಾರ್ಖಾನೆಗೆ ಸರಿದಿದೆ. ಅಲ್ಲಿ ಸೈರನ್ ಕೂಗುತ್ತದೆ, ಹಾಜರಿ ಬೀಳುತ್ತದೆ, ಗಂಟೆಗೆ ಬೆಲೆ ಕಟ್ಟಲಾಗುತ್ತದೆ.

ಕರ್ನಾಟಕದಲ್ಲಿ ಈ ಬಗೆಯ ದುಡಿಮೆಗೆ ಬೆಂಗಳೂರೇ ತವರು. ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ನಡುವೆ ಅದು ವಿಮಾನಗಳ ದುರಸ್ತಿಯ ಕೇಂದ್ರವಾಗಿ ಹಗಲಿರುಳು ನಡೆಯಿತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಆರಂಭವಾಯಿತು. 1964ರ ಅಕ್ಟೋಬರಿನಲ್ಲಿ ವಿಮಾನ ಕಾರ್ಖಾನೆ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಇಂದಿನ ಹೆಸರನ್ನು ಪಡೆಯಿತು; ಅದೇ ವರ್ಷ ಭಾರತ್ ಅರ್ತ್ ಮೂವರ್ಸ್ ಹುಟ್ಟಿತು. ಇವು ಸರಕಾರದ ಒಡೆತನದ ಕಂಪನಿಗಳಾದರೆ, ಹಲಸೂರಿನ 515ನೆಯ ಸೈನ್ಯ ಕಾರ್ಯಾಗಾರ ಮತ್ತು ರಕ್ಷಣಾ ಸಂಶೋಧನಾಲಯಗಳಂಥ ಕಡೆಗಳಲ್ಲಿ ದುಡಿಯುವ ಸಿವಿಲ್ ನೌಕರರು ನೇರವಾಗಿ ಸರಕಾರದ ಸಂಬಳದವರು. ನಾಡಿನ ಮೂಲೆಮೂಲೆಗಳಿಂದ ತರುಣರು ಐ.ಟಿ.ಐ. ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು ಈ ಬಾಗಿಲುಗಳ ಮುಂದೆ ಸಾಲು ನಿಂತರು. ಊರಿನಲ್ಲಿ ಅಡಿಕೆ ತೋಟದ ಪಾಲು ಸಾಲದೆ ಹೋದ ಮನೆಯ ಮಗನಿಗೆ ಇಲ್ಲಿ ಖಾಯಂ ಕೆಲಸ ಸಿಕ್ಕಿತೆಂದರೆ ಎರಡು ಸಂಸಾರಗಳು ನೆಲೆ ಕಂಡಂತೆ.

ಓವರ್‌ಟೈಮಿನ ಹಿಂದಿರುವ ನಿಯಮ ಸರಳವಾದುದು. 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಇಮ್ಮಡಿ ದರ ತೆರಬೇಕೆಂದು ವಿಧಿಸಿತು. ಆ ಕಾಯಿದೆಯ ಜಾಗಕ್ಕೆಂದು ರಚಿತವಾದ 2020ರ ಸಂಹಿತೆಯಲ್ಲಿಯೂ ಇಮ್ಮಡಿ ದರದ ತತ್ತ್ವ ಉಳಿದಿದೆ. ಮದ್ದುಗುಂಡಿನ ಸರಕಾರಿ ಕಾರ್ಖಾನೆಗಳಲ್ಲಿ ವಾರದ ಸಾಮಾನ್ಯ ದುಡಿಮೆ 44 ಮುಕ್ಕಾಲು ಗಂಟೆಯೆಂಬ ಪದ್ಧತಿ ಬಹುಕಾಲದಿಂದ ನಡೆದುಬಂದಿತು. ಅಲ್ಲಿಂದ 48 ಗಂಟೆಯವರೆಗಿನ ಹೆಚ್ಚಿನ ಕೆಲಸಕ್ಕೆ ಒಂಟಿ ದರ, ಅದರಾಚೆಗೆ ಇಮ್ಮಡಿ. ಇಮ್ಮಡಿ ದರವನ್ನು ವಿಧಿಸಿದ್ದು ಕೆಲಸಗಾರನಿಗೆ ಹಣದ ಆಸೆ ಹುಟ್ಟಿಸಬೇಕೆಂದಲ್ಲ. ಮಾಲೀಕನಿಗೆ ಭಾರವೆನಿಸಲಿ, ಅನಿವಾರ್ಯವಾದ ಹೊರತು ಅವನು ದಿನವನ್ನು ಲಂಬಿಸದಿರಲಿ ಎಂಬುದೇ ಅದರ ಉದ್ದೇಶ. ಅದು ಬಹುಮಾನವಲ್ಲ, ಒಂದು ಬಗೆಯ ದಂಡ. ಈ ಮೂಲೋದ್ದೇಶವು ಮರೆತುಹೋದದ್ದರಿಂದಲೇ ಅರ್ಧ ತೊಡಕು ಹುಟ್ಟಿದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ನೂರು ಮಂದಿಯ ಒಂದು ವಿಭಾಗದಲ್ಲಿ ಒಬ್ಬೊಬ್ಬನ ದಿನಗೂಲಿ 1000 ರೂಪಾಯಿ ಎಂದಿಟ್ಟುಕೊಂಡರೆ, ಒಬ್ಬನು ಜ್ವರದಿಂದ ಮಲಗಿದ ದಿನ ಅವನಿಗೆ ಸಂಬಳಸಹಿತ ರಜೆಯ 1000 ರೂಪಾಯಿ ಸಲ್ಲುತ್ತದೆ. ಅವನ ಕೆಲಸ ನಿಲ್ಲಬಾರದೆಂದು ಇಬ್ಬರನ್ನು ಸಂಜೆ ಉಳಿಸಿಕೊಂಡರೆ ಅವರಿಗೆ ಇಮ್ಮಡಿ ದರದಲ್ಲಿ 2000. ಒಟ್ಟು ಮೂರು ದಿನದ ಕೂಲಿ ತೆತ್ತು ಇಲಾಖೆಗೆ ದೊರೆತದ್ದು ಒಂದು ದಿನದ ಕೆಲಸ. ಇದಕ್ಕೆ ಬದಲು ರಜೆಯವರ ಸ್ಥಾನ ತುಂಬಲೆಂದೇ ಒಬ್ಬ ಹೆಚ್ಚಿನ ಆಳನ್ನು ನೇಮಿಸಿದ್ದರೆ ಆ ದಿನದ ಖರ್ಚು 2000 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಅವನ ಪಿಂಚಣಿ ಮುಂತಾದವನ್ನು ಬದಿಗಿಟ್ಟು ನೋಡಿದರೆ, ವರ್ಷದ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಅವನಿಗೆ ಕೆಲಸ ಬಿದ್ದರೆ ಸಾಕು, ಅವನು ಓವರ್‌ಟೈಮಿಗಿಂತ ಅಗ್ಗ. ನೂರು ಮಂದಿಯಿರುವ ಕಡೆ ಪ್ರತಿದಿನವೂ ಯಾರಾದರೊಬ್ಬರು ಗೈರುಹಾಜರಾಗಿಯೇ ಇರುತ್ತಾರೆಂಬುದು ಎಲ್ಲ ಮೇಸ್ತ್ರಿಗಳೂ ಬಲ್ಲ ಸಂಗತಿ.

ಹಾಗಾದರೆ ಇಲಾಖೆಗಳು ದುಬಾರಿಯಾದ ದಾರಿಯನ್ನೇ ಏಕೆ ಹಿಡಿಯುತ್ತವೆ? ಅದಕ್ಕೆ ಕಾರಣವಿಲ್ಲದಿಲ್ಲ. ಖಾಯಂ ಹುದ್ದೆಯೆಂದರೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಅದು ಮೂವತ್ತು ವರ್ಷಗಳ ಹೊಣೆ. ಓವರ್‌ಟೈಮಿನ ಮಂಜೂರಾತಿ ತಿಂಗಳ ಮಾತು. ಕೆಲಸ ಇಳಿದರೆ ಅದನ್ನೂ ಇಳಿಸಬಹುದು. ಆದುದರಿಂದ ತೆರವಾದ ಹುದ್ದೆ ತುಂಬುವುದಿಲ್ಲ, ಉಳಿದವರ ದಿನ ಉದ್ದವಾಗುತ್ತದೆ. ಉದ್ದವಾದ ದಿನದಿಂದ ಕೆಲವರು ಕಾಯಿಲೆ ಬೀಳುತ್ತಾರೆ. ಅವರ ಗೈರುಹಾಜರಿಯನ್ನು ತುಂಬಲು ಮತ್ತಷ್ಟು ಮಂದಿಯ ದಿನ ಉದ್ದವಾಗುತ್ತದೆ. ಗಾಣದೆತ್ತಿನಂತೆ ಈ ಸುತ್ತು ನಿಲ್ಲುವುದೇ ಇಲ್ಲ. ಓವರ್‌ಟೈಮು ಒಂದು ರೋಗ, ಗೈರುಹಾಜರಿ ಇನ್ನೊಂದು ರೋಗ ಎಂದು ಎರಡು ಬಗೆಯ ಮದ್ದು ಹುಡುಕುವವರಿಗೆ ಇವೆರಡೂ ಒಂದೇ ಬೇರಿನ ಕೊಂಬೆಗಳೆಂಬುದು ಕಾಣದೆ ಹೋಗುತ್ತದೆ.

ಆಕ್ಷೇಪಣೆ ಮಾಡುವವರ ಪಕ್ಷದಲ್ಲಿಯೂ ಒಂದು ನ್ಯಾಯವಿದೆ. ದಿನಕ್ಕೆ 9 ಗಂಟೆ ಮೀರಿದರೆ ಇಮ್ಮಡಿಯೆಂಬ ನಿಯಮ ವಾರದ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ. ಅಂದರೆ ವಾರದಲ್ಲಿ ಎರಡು ದಿನ ಕಾಯಿಲೆಯ ರಜೆ ಪಡೆದವನು ಉಳಿದ ದಿನಗಳಲ್ಲಿ ಸಂಜೆ ನಿಂತು ದುಡಿದರೆ ಇಮ್ಮಡಿ ಕೂಲಿಗೆ ಅರ್ಹನೇ. ಈ ಸಂದಿಯಲ್ಲಿ ನುಸುಳುವವರು ಇಲ್ಲವೆಂದರೆ ಅದು ಸುಳ್ಳು. ಹಣಕ್ಕೆ ಸಹಿ ಹಾಕುವ ವೈದ್ಯನೂ, ಮುಖ ನೋಡಿ ಓವರ್‌ಟೈಮು ಹಂಚುವ ಮೇಲ್ವಿಚಾರಕನೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ ರಜೆಯೂ ಅಕ್ಷಯಪಾತ್ರೆಯಲ್ಲ. ಕೇಂದ್ರ ಸರಕಾರದ ಸಿವಿಲ್ ನೌಕರರಿಗೆ 1972ರ ರಜಾ ನಿಯಮಗಳಂತೆ ವರ್ಷಕ್ಕೆ ದೊರೆಯುವುದು 20 ದಿನಗಳ ಅರ್ಧ ಸಂಬಳದ ರಜೆ. ವೈದ್ಯರ ಸರ್ಟಿಫಿಕೇಟಿನ ಮೇಲೆ ಅದನ್ನು ಪೂರ್ಣ ಸಂಬಳಕ್ಕೆ ಪರಿವರ್ತಿಸಿಕೊಂಡರೆ ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. ಇಪ್ಪತ್ತು ಹತ್ತಾಗುತ್ತದೆ. ಇಂದು ಸುಳ್ಳು ಜ್ವರಕ್ಕೆ ಖರ್ಚು ಮಾಡಿದ ದಿನ ನಾಳೆ ನಿಜವಾದ ಟೈಫಾಯಿಡಿಗೆ ಇರುವುದಿಲ್ಲವೆಂಬುದನ್ನು ಅನುಭವಿ ನೌಕರ ಮರೆಯುವುದಿಲ್ಲ.

ಯುದ್ಧಕಾಲದಲ್ಲಿ ಈ ಪ್ರಶ್ನೆಗೆ ಬೇರೆ ಮುಖವೇ ಬರುತ್ತದೆ. 1962ರಲ್ಲಿ ಚೀನದ ಆಕ್ರಮಣವಾದಾಗ, ನವೆಂಬರ್ 3ರಂದು ದೆಹಲಿಯಲ್ಲಿ ಮಾಲೀಕರ ಮತ್ತು ಕಾರ್ಮಿಕರ ಸಂಘಗಳು ಸೇರಿ ಕೈಗಾರಿಕಾ ಶಾಂತಿಯ ನಿರ್ಣಯವನ್ನು ಅಂಗೀಕರಿಸಿದವು. ಹೆಚ್ಚು ಗಂಟೆ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿಯೂ ದುಡಿಯುವ ಮಾತು ಅದರಲ್ಲಿತ್ತು. ಅನಗತ್ಯ ಗೈರುಹಾಜರಿಯನ್ನು ಸಂಘಗಳೇ ತಡೆಯಬೇಕೆಂಬ ಮಾತೂ ಅದರಲ್ಲಿಯೇ ಇತ್ತು. 1965ರ ಯುದ್ಧದಲ್ಲಿ ಹೆಸರು ಗಳಿಸಿದ ನ್ಯಾಟ್ ವಿಮಾನವನ್ನು ಪರವಾನಗಿ ಪಡೆದು ಕಟ್ಟಿದ್ದು ಬೆಂಗಳೂರಿನ ಕಾರ್ಖಾನೆಯೇ. ದೇಶಕ್ಕೆ ಸಂಕಟ ಬಂದಾಗ ಕೆಲಸಗಾರನು ಗಂಟೆ ಎಣಿಸಬಾರದೆಂಬುದನ್ನು ಯಾರೂ ಅಲ್ಲಗಳೆಯರು. ಪ್ರಶ್ನೆ ಇರುವುದು ಬೇರೆಡೆ. ಹೆಚ್ಚು ಗಂಟೆ ದುಡಿದರೆ ನಿಜವಾಗಿಯೂ ಹೆಚ್ಚು ಸರಕು ಹೊರಬರುತ್ತದೆಯೆ?

ಇದಕ್ಕೆ ಒಂದು ಶತಮಾನಕ್ಕೂ ಹಿಂದೆಯೇ ಉತ್ತರ ದೊರೆತಿದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಕೆಲಸದ ಹೊತ್ತಿನ ಮಿತಿಗಳನ್ನು ಸಡಿಲಿಸಲಾಯಿತು. ಗಂಡಸರೂ ಹೆಂಗಸರೂ ಭಾನುವಾರದ ವಿರಾಮವಿಲ್ಲದೆ ವಾರಕ್ಕೆ 70 ಗಂಟೆಯವರೆಗೂ ದುಡಿದರು. ಕೆಲಸ ಏಳಲಿಲ್ಲ, ಕಾಯಿಲೆ ಎದ್ದಿತು. 1915ರಲ್ಲಿ ಮದ್ದುಗುಂಡು ಕಾರ್ಮಿಕರ ಆರೋಗ್ಯದ ವಿಚಾರಣೆಗಾಗಿಯೇ ಒಂದು ಸಮಿತಿ ನೇಮಕವಾಯಿತು. ಅದರ ಪರವಾಗಿ ಎಚ್. ಎಂ. ವರ್ನನ್ ಎಂಬ ವಿಜ್ಞಾನಿ ಗುಂಡಿನ ಬಿಡಿಭಾಗ ತಯಾರಿಸುವವರ ಬಳಿ ನಿಂತು, ವಾರವಾರವೂ ಗಂಟೆಗಳನ್ನೂ ತಯಾರಾದ ಸಾಮಗ್ರಿಯನ್ನೂ ಬರೆದಿಟ್ಟನು. ಗಂಟೆ ಇಳಿಸಿದ ಕಡೆ ಸರಕು ಇಳಿಯಲಿಲ್ಲ. ಕೆಲವು ಕಡೆ ಏರಿತು. ಅದೇ ಅಂಕಿಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ 2014ರಲ್ಲಿ ಪುನಃ ಪರೀಕ್ಷಿಸಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ದುಡಿಮೆಗೆ ತಕ್ಕಂತೆ ಫಲ ಏರುತ್ತದೆ. ಅಲ್ಲಿಂದಾಚೆಗೆ ಏರಿಕೆ ಕುಗ್ಗುತ್ತ ಹೋಗುತ್ತದೆ. 70 ಗಂಟೆ ದುಡಿದವರ ಫಲಕ್ಕೂ 56 ಗಂಟೆ ದುಡಿದವರ ಫಲಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದು ಕಂಡುಬಂತು. ಅಂದರೆ ಆ ಕೊನೆಯ 14 ಗಂಟೆಗಳಿಗೆ ದುಡ್ಡೂ ಹೋಯಿತು, ದೇಹವೂ ಹೋಯಿತು, ಬಂದದ್ದು ಬರಿಗೈ.

ಈ ಪಾಠವನ್ನು ಕಲಿತ ದೇಶವೇ ಅದನ್ನು ಮರೆಯಿತೆಂಬುದು ಸೋಜಿಗ. 1940ರಲ್ಲಿ ಡನ್‌ಕರ್ಕ್‌ನಿಂದ ಸೈನ್ಯ ಹಿಂದಿರುಗಿದ ಮೇಲೆ ಬ್ರಿಟಿಷ್ ಕಾರ್ಖಾನೆಗಳಲ್ಲಿ ಮತ್ತೆ ಏಳು ದಿನಗಳ ವಾರ ಆರಂಭವಾಯಿತು. ಮೊದಲ ಕೆಲವು ವಾರ ಉತ್ಸಾಹದಿಂದ ಉತ್ಪತ್ತಿ ಏರಿತು. ಆಮೇಲೆ ಆಯಾಸ ಬಂದಿತು, ಕಾಯಿಲೆಯ ಗೈರುಹಾಜರಿ ಬಂದಿತು, ಉತ್ಪತ್ತಿ ಹಿಂದಕ್ಕೆ ಜಾರಿತು. ಕೆಲವೇ ವಾರಗಳಲ್ಲಿ ಸರಕಾರ ಗಂಟೆಗಳನ್ನು ಇಳಿಸಬೇಕಾಯಿತು. ದೇಶಪ್ರೇಮವು ಸ್ನಾಯುವಿಗೆ ಸ್ವಲ್ಪ ಕಾಲ ಬಲ ಕೊಡಬಲ್ಲದು, ನಿದ್ರೆಯ ಸ್ಥಾನವನ್ನು ಮಾತ್ರ ತುಂಬಲಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟೂ, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟೂ ಹೆಚ್ಚು.

ರಕ್ಷಣಾ ನೌಕರನ ಪಾಲಿಗೆ ಇನ್ನೊಂದು ಇಕ್ಕಟ್ಟಿದೆ. 1968ರಲ್ಲಿ ಕೇಂದ್ರ ಸರಕಾರಿ ನೌಕರರ ಮುಷ್ಕರದ ಸಂದರ್ಭದಲ್ಲಿ ಬಂದ ಅಗತ್ಯ ಸೇವೆಗಳ ಕಾಯಿದೆಯು, ಸೇವೆಯ ನಿರ್ವಹಣೆಗೆ ಅವಶ್ಯವಾದ ಓವರ್‌ಟೈಮಿಗೆ ಒಲ್ಲೆನೆನ್ನುವುದನ್ನೂ ಮುಷ್ಕರವೆಂದೇ ಪರಿಗಣಿಸಿತು. 2021ರ ಜೂನಿನಲ್ಲಿ ಮದ್ದುಗುಂಡಿನ 41 ಸರಕಾರಿ ಕಾರ್ಖಾನೆಗಳನ್ನು ಏಳು ಕಂಪನಿಗಳನ್ನಾಗಿ ಮಾಡುವ ನಿರ್ಧಾರ ಹೊರಬಿದ್ದಾಗ ನೌಕರರು ಮುಷ್ಕರಕ್ಕೆ ಸಿದ್ಧರಾದರು. ಅದೇ ವರ್ಷ ಬಂದ ಅಗತ್ಯ ರಕ್ಷಣಾ ಸೇವೆಗಳ ಕಾಯಿದೆಯು ಓವರ್‌ಟೈಮಿನ ನಿರಾಕರಣೆಯನ್ನೂ ಸಾಮೂಹಿಕ ಸಾಂದರ್ಭಿಕ ರಜೆಯನ್ನೂ ಒಂದೇ ವ್ಯಾಖ್ಯೆಯೊಳಗೆ ಸೇರಿಸಿತು. ಆದರೆ 2020ರ ಸಂಹಿತೆ ಹೇಳುವುದು ಓವರ್‌ಟೈಮಿಗೆ ಕೆಲಸಗಾರನ ಒಪ್ಪಿಗೆ ಬೇಕೆಂದು. ಒಂದು ಕಾನೂನು ಒಪ್ಪಿಗೆ ಕೇಳಿತು, ಇನ್ನೊಂದು ಒಪ್ಪದಿರುವುದನ್ನು ಅಪರಾಧದ ಹತ್ತಿರಕ್ಕೆ ಒಯ್ದಿತು. ಹೀಗೆ ಬಾಯಿಂದ ‘ಆಗದು’ ಎನ್ನಲು ಹಿಂಜರಿಯುವವನ ಪರವಾಗಿ ಒಮ್ಮೊಮ್ಮೆ ದೇಹವೇ ಆ ಮಾತನ್ನಾಡುತ್ತದೆ. ಬೆನ್ನು ಹಿಡಿಯುತ್ತದೆ, ಕಣ್ಣು ಉರಿಯುತ್ತದೆ, ರಕ್ತದ ಒತ್ತಡ ಏರುತ್ತದೆ. ಅದನ್ನು ಲೆಕ್ಕದ ಪುಸ್ತಕ ಕಾಯಿಲೆಯ ರಜೆಯೆಂದು ಬರೆದುಕೊಳ್ಳುತ್ತದೆ.

ಕೆಲಸದ ಹಂಚಿಕೆಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ವರ್ಷದ ಆರಂಭದಲ್ಲಿ ಕಚ್ಚಾ ಸಾಮಗ್ರಿಯಿಲ್ಲದೆ ಯಂತ್ರಗಳು ಸುಮ್ಮನಿರುವುದು, ಮಾರ್ಚ್ ತಿಂಗಳು ಹತ್ತಿರವಾದಂತೆ ಗುರಿ ಮುಟ್ಟುವ ಧಾವಂತದಲ್ಲಿ ಹಗಲಿರುಳು ಓಡುವುದು ಸರಕಾರಿ ಉದ್ಯಮಗಳ ಹಳೆಯ ಚಾಳಿ. ತೇಜಸ್ ಯುದ್ಧವಿಮಾನದ ಹೊಸ ಮಾದರಿಯ 83 ವಿಮಾನಗಳಿಗೆ 2021ರ ಫೆಬ್ರವರಿಯಲ್ಲಿಯೂ ಇನ್ನೂ 97 ವಿಮಾನಗಳಿಗೆ 2025ರ ಸೆಪ್ಟೆಂಬರಿನಲ್ಲಿಯೂ ಒಪ್ಪಂದವಾಯಿತು. ನಡುವೆ ಅಮೆರಿಕದಿಂದ ಬರಬೇಕಾದ ಎಂಜಿನ್ನುಗಳು ತಡವಾದುವು. ಬಾರದ ಎಂಜಿನ್ನನ್ನು ಯಾವ ಫಿಟ್ಟರನ ಓವರ್‌ಟೈಮೂ ತರಲಾರದು. ಅದು ಬಂದ ದಿನ ಮಾತ್ರ ಕಳೆದುಹೋದ ತಿಂಗಳುಗಳ ಭಾರವೆಲ್ಲ ಅವನ ಹೆಗಲಿಗೇರುವ ಭಯವಿರುತ್ತದೆ. ವಿಮಾನದ ಕೆಲಸದಲ್ಲಿ ಆಯಾಸವೆಂಬುದು ಸಣ್ಣ ಮಾತಲ್ಲ. ಹದಿಮೂರನೆಯ ಗಂಟೆಯಲ್ಲಿ ಸಡಿಲವಾಗಿ ಉಳಿದ ಒಂದು ಬೋಲ್ಟಿನ ಲೆಕ್ಕವನ್ನು ಆಕಾಶದಲ್ಲಿರುವ ತರುಣನೊಬ್ಬನು ತೀರಿಸಬೇಕಾಗುತ್ತದೆ.

ಇನ್ನು ಮನೆಯ ಕಡೆಯ ಲೆಕ್ಕ. ಗೃಹಿಣಿಯರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ಓವರ್‌ಟೈಮಿನ ಹಣ ಬಂದಾಗ ಅದು ಅನಿರೀಕ್ಷಿತ ಲಾಭ. ದೀಪಾವಳಿಗೆ ಒಂದು ರೇಷ್ಮೆ ಸೀರೆ, ಮಕ್ಕಳಿಗೆ ಹೊಸ ಬೂಟು. ಎರಡನೆಯ ವರ್ಷ ಅದರ ಮೇಲೆ ಒಂದು ಚೀಟಿ ಕಟ್ಟಲಾಗುತ್ತದೆ. ಮೂರನೆಯ ವರ್ಷ ಮನೆಯ ಸಾಲದ ಕಂತು. ಆಮೇಲೆ ಅದು ಲಾಭವಲ್ಲ, ಸಂಬಳ. ಒಂದು ತಿಂಗಳು ಓವರ್‌ಟೈಮು ನಿಂತರೆ ಮನೆಯಲ್ಲಿ ಸಂಬಳವೇ ಕಡಿತವಾದಂತೆ ಮುಖಗಳು ಬಾಡುತ್ತವೆ. ಆಗ ದಣಿದ ಯಜಮಾನ ತಾನಾಗಿಯೇ ಮೇಲ್ವಿಚಾರಕನ ಬಳಿ ಹೋಗಿ ಭಾನುವಾರದ ಕೆಲಸ ಬೇಡುತ್ತಾನೆ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2018ರಲ್ಲಿ ಕೇಂದ್ರ ಸರಕಾರವು ಕಾರ್ಯಾಚರಣೆಯ ಸಿಬ್ಬಂದಿ ಮತ್ತು ಕಾಯಿದೆಯ ರಕ್ಷಣೆಯಿರುವ ಕಾರ್ಖಾನೆಯ ಕೆಲಸಗಾರರನ್ನು ಹೊರತುಪಡಿಸಿ ಉಳಿದ ನೌಕರರಿಗೆ ಓವರ್‌ಟೈಮು ಭತ್ಯವನ್ನು ನಿಲ್ಲಿಸಿತು. ನೆಚ್ಚಿದ ಹಣ ಒಂದು ಸುತ್ತೋಲೆಯಿಂದ ಇಲ್ಲವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಪರಿಹಾರ ಅಸಾಧ್ಯವೇನೂ ಅಲ್ಲ. ಓವರ್‌ಟೈಮಿನ ಪಟ್ಟಿಯನ್ನೂ ಕಾಯಿಲೆಯ ಪಟ್ಟಿಯನ್ನೂ ಪ್ರತಿ ತಿಂಗಳು ಒಂದೇ ಮೇಜಿನ ಮೇಲೆ ಇಟ್ಟು ನೋಡಿದರೆ, ಯಾವ ವಿಭಾಗದಲ್ಲಿ ಒಂದು ಏರಿದ ಮೇಲೆ ಇನ್ನೊಂದು ಏರಿತೆಂಬುದು ತಾನಾಗಿ ಕಾಣುತ್ತದೆ. ಅಂಥ ಕಡೆ ರಜೆಯ ಸ್ಥಾನ ತುಂಬುವ ಖಾಯಂ ಆಳುಗಳನ್ನು ಕೊಡುವುದೇ ಮಿತವ್ಯಯ. ಕೆಲಸವನ್ನು ವರ್ಷದ ಹನ್ನೆರಡು ತಿಂಗಳಿಗೂ ಹಂಚಬೇಕು. ವಾರಕ್ಕೊಂದು ದಿನದ ವಿರಾಮವನ್ನು ಯಾವ ತುರ್ತಿಗೂ ಮಾರಬಾರದು. ಮೋಸ ಮಾಡುವವನನ್ನು ಹೆಸರು ಹಿಡಿದು ಶಿಕ್ಷಿಸಲಿ. ಅವನೊಬ್ಬನಿಗಾಗಿ ತೊಂಬತ್ತೊಂಬತ್ತು ಮಂದಿಯ ಜ್ವರವನ್ನು ಸುಳ್ಳೆನ್ನುವುದು ಬೇಡ. ಕರ್ನಾಟಕ ಸರಕಾರ 2023ರ ತಿದ್ದುಪಡಿಯಿಂದ ಮೂರು ತಿಂಗಳ ಓವರ್‌ಟೈಮಿನ ಗರಿಷ್ಠ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಮಿತಿ ಏರಿಸುವುದು ಒಂದು ಸಹಿಯ ಕೆಲಸ; ಮನುಷ್ಯನ ಮೈಗೆ ಅಂಥ ತಿದ್ದುಪಡಿಯನ್ನು ಬರೆಯಬಲ್ಲ ಲೇಖನಿಯಿಲ್ಲ.

ಮನೆಯವರು ಮಾಡಬಹುದಾದುದೂ ಒಂದಿದೆ. ತಿಂಗಳ ಖರ್ಚನ್ನು ಮೂಲ ಸಂಬಳದೊಳಗೆ ಹೊಂದಿಸಿಕೊಂಡು, ಓವರ್‌ಟೈಮಿನ ಹಣವನ್ನು ಬಂದರೆ ಬಂತು ಎಂಬ ಲೆಕ್ಕದಲ್ಲಿ ಬೇರೆಯಾಗಿ ಕೂಡಿಡುವುದು. ಆಗ ದಣಿದು ಬಂದವನು ‘ಈ ಭಾನುವಾರ ಹೋಗುವುದಿಲ್ಲ’ ಎಂದು ಹೇಳಲು ಮನೆಯಲ್ಲಾದರೂ ಅವನಿಗೆ ಧೈರ್ಯವಿರುತ್ತದೆ. ದೇಶವನ್ನು ಕಾಯುವ ಯಂತ್ರಗಳಿಗೆ ಎಣ್ಣೆ ಹಾಕಲು ನಿಲುಗಡೆಯ ಹೊತ್ತು ಗೊತ್ತುಮಾಡಿರುತ್ತಾರೆ. ಅವುಗಳನ್ನು ಕಟ್ಟುವ ಕೈಗಳಿಗೂ ಅಷ್ಟು ಹೊತ್ತು ಸಲ್ಲಬೇಕು.